ಫ್ಲಾಯ್ಡ್ ಮಾವನ ಅಂಗೈಯಷ್ಟು ಹಿಮ

ಫ್ಲಾಯ್ಡ್ ಕಾಫ್ ರೋಬ್ ಒಂದು ಕೈಯಲ್ಲಿ ಬಸ್ಸು ಓಡಿಸುತ್ತಿದ್ದ, ಇನ್ನೊಂದು ಕೈಯಲ್ಲಿ ಮಾತಾಡುತ್ತಿದ್ದ. ತನ್ನ ಬುಡಕಟ್ಟಿನ ಊರಾದ ಬ್ರೌನಿಂಗ್‌ನಿಂದ ಪ್ರವಾಸಿಗರನ್ನು ಹತ್ತಿಸಿಕೊಂಡು, ಸೇಂಟ್ ಮೇರಿ ಸರೋವರದ ಗಾಳಿಗೆ ಎದೆಯೊಡ್ಡಿ, ಹಿಮನದಿಗಳ ಬೆಟ್ಟ ಹತ್ತುವ ಆ ದಾರಿಯಲ್ಲಿ ಅವನ ಬೇಸಿಗೆಗಳೆಲ್ಲ ಕಳೆದವು. ಅಕ್ಕನ ಮಗಳು ವರ್ನಾ ಚಿಕ್ಕವಳಿದ್ದಾಗ ಅವನ ಸೀಟಿನ ಹಿಂದೆಯೇ ಕೂರುತ್ತಿದ್ದಳು. ಅವನ ಅಂಗಿಯ ಹೊಗೆಸೊಪ್ಪಿನ ವಾಸನೆ, ಬಟ್ಟೆಯಲ್ಲಿ ಕಟ್ಟಿಟ್ಟ ಒಣಮಾಂಸದ ವಾಸನೆ, ಕಿಟಕಿಯಿಂದ ನುಗ್ಗುವ ಪೈನ್ ಮರಗಳ ತಂಪು. ಬೇಸಿಗೆ ಅಂದರೆ ಅವಳಿಗೆ ಇವತ್ತಿಗೂ ಅಷ್ಟೇ.

ದೊಡ್ಡ ತಿರುವಿನಲ್ಲಿ ಮಾವ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸುತ್ತಿದ್ದ. "ಕೈ ಚಾಚಿ, ಅಂಗೈ ಅಗಲಿಸಿ" ಅನ್ನುತ್ತಿದ್ದ. ಎದುರು ಬೆಟ್ಟದ ಹಿಮನದಿ ಸರಿಯಾಗಿ ಅಂಗೈಯ ಹಿಂದೆ ಮುಚ್ಚಿಹೋಗುತ್ತಿತ್ತು. ಕುದುರೆ ಮೇಯಿಸುತ್ತಿದ್ದ ಅವನಪ್ಪ ಸಂಜೆ ಹೊತ್ತು ಸೂರ್ಯನ ಕೆಳಗೆ ಬೆರಳು ಅಡ್ಡ ಹಿಡಿದು, ಕತ್ತಲಾಗಲು ಎಷ್ಟು ಹೊತ್ತಿದೆ ಎಂದು ಅಳೆಯುತ್ತಿದ್ದನಂತೆ. ಮಗ ಅದೇ ಅಳತೆಯಲ್ಲಿ ಹಿಮವನ್ನು ಅಳೆದ. ವರ್ನಾ ಪ್ರತಿಸಲವೂ ಮೊಣಕೈ ಬಗ್ಗಿಸಿಯೇ ಚಾಚುತ್ತಿದ್ದಳು. ಅವನು ಬೆರಳ ಗೆಣ್ಣಿನಿಂದ ಮೊಣಕೈ ತಟ್ಟಿ ನೆಟ್ಟಗೆ ಮಾಡುತ್ತಿದ್ದ.

ಈಗ ಆ ಬಸ್ಸು ಓಡಿಸುವವಳು ವರ್ನಾ. ಮಾವನಿಗೆ ಮರೆವು ಶುರುವಾಗಿದೆ. ಕಾಫಿಗೆ ಸಕ್ಕರೆ ಹಾಕಿ ಮತ್ತೆ ಹಾಕುತ್ತಾನೆ, ವರ್ನಾಳನ್ನು ಅವಳಮ್ಮನ ಹೆಸರಿನಿಂದ ಕರೆಯುತ್ತಾನೆ. ಈ ಬೇಸಿಗೆ ಅವನು ಕೇಳಿದ್ದು ಒಂದೇ.

"ಒಂದ್ಸಲ ಕರ್ಕೊಂಡು ಹೋಗೆ. ತಿರುವಲ್ಲಿ ನಾನೇ ಹೇಳ್ತೀನಿ."

ಅವಳು ಹೂಂ ಅಂದಳು. ಆಮೇಲೆ ಅದೇ ಯೋಚನೆಯಾಯಿತು. ಎಲ್ಲರೆದುರು ಅವನು ಮಾತು ಸಿಗದೆ ನಿಂತುಬಿಟ್ಟರೆ? ಜನ ನಗುವುದಿಲ್ಲ, ಅಯ್ಯೋ ಪಾಪ ಅನ್ನುತ್ತಾರೆ. ಅದನ್ನು ಅವಳು ನೋಡಲಾರಳು.

ದಾರಿಯುದ್ದಕ್ಕೂ ಮಾವ ಹುಷಾರಾಗಿಯೇ ಇದ್ದ.

"ಗೇರ್ ಇಳಿಸೇ. ಬಸ್ಸನ್ನ ಬೆಟ್ಟ ಹತ್ತಿಸ್ತಿದೀಯೋ, ಬೈತಾ ಇದೀಯೋ?"

"ಸುಮ್ನೆ ಕೂತ್ಕೋ ಮಾವ, ಓಡಿಸೋಳು ನಾನು."

"ಅದೇ ನಂಗೆ ಭಯ."

ಹಿಂದಿನ ಸೀಟಿನವರು ನಕ್ಕರು. ಅವಳಿಗೂ ಸ್ವಲ್ಪ ಧೈರ್ಯ ಬಂತು.

ತಿರುವಿನಲ್ಲಿ ಎಲ್ಲರೂ ಇಳಿದು ಅವನ ಸುತ್ತ ನಿಂತರು. ಅವನು ಬೆಟ್ಟ ನೋಡಿದ, ಜನರನ್ನು ನೋಡಿದ. ಗಾಳಿ ಅವನ ಜಡೆಯನ್ನು ಹೆಗಲಿನಿಂದ ಆಚೆ ತಳ್ಳಿತು. ಆಮೇಲೆ ವರ್ನಾಳ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ.

"ಇಲ್ಲಿ ಯಾಕೆ ನಿಂತ್ವಿ?"

ಹೇಳಬೇಕಾದ ಮಾತೆಲ್ಲ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳು ಬೆಟ್ಟದ ಕಡೆ ಕೈ ಚಾಚಿದಳು, ಮೊಣಕೈ ಬಗ್ಗಿಸಿ.

ಮಾವ ಆ ಕೈಯನ್ನೇ ನೋಡಿದ. ಬೆರಳ ಗೆಣ್ಣು ಬಂದು ಅವಳ ಮೊಣಕೈಗೆ ತಟ್ಟಿತು.

"ನೆಟ್ಟಗೆ. ಎಷ್ಟು ಸಲ ಹೇಳ್ಬೇಕೆ ನಿಂಗೆ?" ಜನರ ಕಡೆ ತಿರುಗಿದ. "ನೀವೂ ಅಷ್ಟೇ. ಕೈ ಚಾಚಿ, ಅಂಗೈ ಅಗಲಿಸಿ. ಎದುರಿಗಿರೋ ಹಿಮ ನಿಮ್ಮ ಕೈಗೆ ಸರಿಹೋಗುತ್ತೆ."

ಎಲ್ಲರೂ ಕೈ ಚಾಚಿದರು. ಅಯೋವಾದಿಂದ ಬಂದಿದ್ದ ಒಬ್ಬ ಎತ್ತರದ ರೈತ ಕಣ್ಣು ಕಿರಿದು ಮಾಡಿದ.

"ಯಜಮಾನ್ರೇ, ನನ್ನ ಕಿರುಬೆರಳಿಗೇ ಮುಚ್ಚೋಗ್ತಿದೆಯಲ್ಲ."

"ಸಲಿಕೆಯಂಥ ಕೈ ಇಟ್ಕೊಂಡು ಬಂದ್ರೆ ಬೆಟ್ಟ ಏನು ಮಾಡುತ್ತೆ?"

ರೈತನೇ ಎಲ್ಲರಿಗಿಂತ ಜೋರಾಗಿ ನಕ್ಕ. ನಗು ನಿಂತ ಮೇಲೆ ಮಾವ ತನ್ನ ಕೈಯನ್ನೂ ಚಾಚಿದ. ಬಹಳ ಹೊತ್ತು ನೋಡಿದ. ಹೆಬ್ಬೆರಳು ಮಡಿಸಿದ, ತೋರುಬೆರಳು ಮಡಿಸಿದ. ಕೊನೆಗೆ ಕಿರುಬೆರಳೊಂದೇ ಉಳಿಯಿತು.

"ನಿಂಗೆ ಗೊತ್ತಿತ್ತಾ?" ಎಂದ ವರ್ನಾಳಿಗೆ.

"ಗೊತ್ತಿತ್ತು ಮಾವ."

"ಹೇಳ್ಬಹುದಿತ್ತು."

"ನಾನೇ ಹೇಳ್ತೀನಿ ಅಂದೋನು ನೀನಲ್ವಾ."

ಅವನು ತಲೆಯಾಡಿಸಿದ. ಮತ್ತೆ ಬೆರಳುಗಳನ್ನೆಲ್ಲ ಬಿಡಿಸಿದ. "ಆ ಕಪ್ಪು ಬಂಡೆ ಕಾಣುತ್ತಲ್ಲ, ಅಲ್ಲೀವರೆಗೂ ಹಿಮ ಇತ್ತು. ನಾನು ನೋಡಿದೀನಿ. ಕೈ ಇಳಿಸ್ಬೇಡಿ, ಹಂಗೇ ಹಿಡೀರಿ."

ಯಾರೂ ಕೈ ಇಳಿಸಲಿಲ್ಲ. ಎದುರಿನ ಬರಿಯ ಬಂಡೆಗೆ ಅಡ್ಡವಾಗಿ ಅಷ್ಟೊಂದು ಅಂಗೈಗಳು ಸ್ವಲ್ಪ ಹೊತ್ತು ಹಾಗೇ ನಿಂತಿದ್ದವು.

ಬೆಟ್ಟ ಇಳಿಯುವಾಗ ಮಾವ ಕಿಟಕಿಗೆ ತಲೆಯಾನಿಸಿ ತೂಕಡಿಸಿದ. ಸರೋವರದ ಹತ್ತಿರ ಎಚ್ಚರವಾಯಿತು.

"ತಿರುವು ಬಂತಾ?"

"ಆಯ್ತು ಮಾವ. ನೀನೇ ಹೇಳಿದೆ."

"ಚೆನ್ನಾಗಿ ಹೇಳಿದ್ನಾ?"

"ಒಬ್ಬನ ಕೈನ ಸಲಿಕೆ ಅಂದೆ."

ಅವನು ಹೊರಗೆ ನೋಡುತ್ತ ನಕ್ಕ. "ಹಂಗಾದ್ರೆ ಚೆನ್ನಾಗೇ ಹೇಳಿರ್ತೀನಿ ಬಿಡು."