ಬುಡ ಮೇಲಾದ ಮಂಚ

ಅವನ ಎಡಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಯಾವಾಗಲೋ ಮರ ಕೆತ್ತುವ ಬಾಚಿಯ ಪೆಟ್ಟು ಬಿದ್ದು ಉಗುರು ಹೋಗಿ, ಆ ಜಾಗದ ಚರ್ಮ ಸಪಾಟಾಗಿ ಹೊಳೆಯುತ್ತಿತ್ತು. ಮರದ ಸಾಮಾನು ಯಾರದೇ ಇರಲಿ, ಅವನು ಅದನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಎರಡು ಮರ ಕೂಡುವ ಗೆರೆಯ ಮೇಲೆ ಆ ಬೋಳು ಬೆರಳನ್ನು ಮೆಲ್ಲಗೆ ಎಳೆಯುತ್ತಿದ್ದ. ನಾನು ಮಾಡಿದ್ದಾದರೆ, ಎಲ್ಲಿ ತಡೆಯಿತೋ ಅಲ್ಲಿ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ಆ ಬೆರಳು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವನು ಬಡಿಗ. ಬೈಲಹೊಂಗಲದ ನಮ್ಮ ಓಣಿಯಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮುಖದ ಮುಂದೆ ಎಲ್ಲರಂತೆ ನಾನೂ ‘ಬಡಿಗ್ಯಾರ’ ಎಂದೇ ಕರೆದೆ, ಬಹುವಚನದಲ್ಲೇ ಮಾತಾಡಿದೆ. ಬರೆಯುವಾಗ ‘ಅವರು’ ಎನ್ನಲು ಕೈ ಏಳುವುದಿಲ್ಲ. ಹಿರಿಯರು ಕ್ಷಮಿಸಬೇಕು.

ಎಪ್ಪತ್ತರ ದಶಕದ ಆರಂಭದ ಮಾತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವನ ಮೊಣಕಾಲು ಆಗಲೇ ಕೈಕೊಟ್ಟಿದ್ದವು. ಚಾಪೆಯಿಂದ ಎದ್ದು ನಿಲ್ಲಲು ಗೋಡೆ ಹಿಡಿದು, ಹಲ್ಲು ಕಚ್ಚಿ, ಒಂದೊಂದು ಗೇಣು ಮೇಲೇರಬೇಕಿತ್ತು. ಅವಳು ಕೂತಲ್ಲಿಂದ ಸರಾಗ ಏಳುವಷ್ಟು ಎತ್ತರದ ಒಂದು ಮಂಚ ಮಾಡಿಕೊಡಿ ಎಂದು ಅವನನ್ನು ಕೇಳಿದೆ. ‘ಮುಂದಿನ ಸಂತಿ ಆಗ್ಲಿ’ ಎಂದ. ಸಂತೆ ಆಯಿತು. ‘ಕೂರಿಗಿ ಕೆಲಸ ಮುಗೀಲಿ’ ಎಂದ. ಬಿತ್ತನೆಯೇ ಮುಗಿಯಿತು. ಆಮೇಲೆ ಎಂ.ಕೆ. ಹುಬ್ಬಳ್ಳಿ ಕಡೆಯ ಕಬ್ಬಿನ ಗಾಡಿಗಳ ಗಾಲಿ ಬಂದವು. ನಾಲ್ಕನೇ ತಿಂಗಳಿಗೆ ಹೋದಾಗ ತಲೆ ಎತ್ತದೆ ಹೇಳಿದ, ‘ಆಗಂಗಿಲ್ರಿ ಅಕ್ಕೋರ. ಅಷ್ಟು ಅವಸರ ಇದ್ರ ನೀವ ಮಾಡಿಕೋರಿ.’

ನಾನು ಮಾಡಿಕೊಂಡೆ. ಅದೇ ಅವನಿಗೆ ಆಗಿಬರಲಿಲ್ಲ.

ಮರಗೆಲಸ ನನಗೆ ಪೂರಾ ಹೊಸದೇನಲ್ಲ. ಭಾನುವಾರ ಭಾನುವಾರ ಹಿತ್ತಲಲ್ಲಿ ಕೂತು, ಚಹಾ ಬರುವ ಹಲಗೆಪೆಟ್ಟಿಗೆ ಒಡೆದು ಪುಸ್ತಕದ ಹಲಗೆ, ರೊಟ್ಟಿ ಬಡಿಯುವಾಗ ಕೂರುವ ಮಣೆ ಮಾಡಿದ್ದೆ. ಹೆಂಗಸು ಉಳಿ ಕೊಂಡಳೆಂದು ಊರಲ್ಲಿ ಸುದ್ದಿಯಾಗದಿರಲಿ ಎಂದು ಸವದತ್ತಿಯ ಬಜಾರಿಗೆ ಬಸ್ಸಿನಲ್ಲಿ ಹೋಗಿ ಗರಗಸ, ಉಳಿ, ಮರ ನಯಮಾಡುವ ರಂದಾ ತಂದಿದ್ದೆ. ಸುದ್ದಿ ಏನೂ ನಿಲ್ಲಲಿಲ್ಲ. ನನ್ನ ಗರಗಸದ ಸಪ್ಪಳ ಶುರುವಾದರೆ ಸಾಕು, ಗೋಡೆಯ ಮೇಲೆ ಅವನ ತಲೆ ಕಾಣುತ್ತಿತ್ತು. ಎಲೆ ಅಡಿಕೆ ಜಗಿಯುತ್ತ ನೋಡುತ್ತಿದ್ದ. ಒಂದು ಸಲ ಕಷ್ಟಪಟ್ಟು ಸ್ಟೂಲು ಮುಗಿಸಿದ್ದೆ. ‘ಏನ್ರಿ ಅದು, ಆಡಿನ ಮರಿ ಏನು? ಕಾಲು ನಡಗಾಕ ಹತ್ಯಾವಲ್ಲ’ ಎಂದ. ಓಣಿಯವರಿಗೆ ನನ್ನನ್ನು ‘ಪುಸ್ತಕದ ಬಡಿಗ್ಯಾರು’ ಎಂದು ಪರಿಚಯಿಸುತ್ತಿದ್ದ. ಒಂದು ಉಳಿ ಹೇಗೆ ಮಸೆಯಬೇಕೆಂದು ಕೇಳಿದ್ದಕ್ಕೆ ಉತ್ತರ ಕೊಡದೆ ಬೆನ್ನು ತಿರುಗಿಸಿ ಹೋದವನು ಅವನು. ಕೆಲಸ ಮಾತ್ರ ಬೆಣ್ಣೆಯಂಥದು, ಅದನ್ನು ಇಲ್ಲವೆನ್ನಲಾರೆ. ಅವನು ಕೂಡಿಸಿದ ಚೌಕಟ್ಟಿನಲ್ಲಿ ಕೂದಲು ತೂರುತ್ತಿರಲಿಲ್ಲ. ಅಂಥ ಕೈಗೆ ಅಂಥ ಬಾಯಿಯನ್ನು ದೇವರು ಏಕೆ ಕೊಟ್ಟನೋ.

ಸಂಗೊಳ್ಳಿಯ ಒಬ್ಬ ರೈತರು, ನನ್ನ ವಿದ್ಯಾರ್ಥಿನಿಯ ತಂದೆ, ಒಣಗಿದ ಜಾಲಿ ಮರ ಕೊಟ್ಟರು. ಮೂರು ತಿಂಗಳ ಭಾನುವಾರಗಳನ್ನು ಆ ಮಂಚಕ್ಕೆ ಸುರಿದೆ. ಜಾಲಿ ಮೆತ್ತಗಿನ ಮರವಲ್ಲ, ಅಂಗೈ ಬೊಬ್ಬೆ ಒಡೆದು ಸೀಮೆಸುಣ್ಣ ಹಿಡಿಯಲು ಆಗುತ್ತಿರಲಿಲ್ಲ. ಅವ್ವನನ್ನು ಗೋಡೆಗೆ ನಿಲ್ಲಿಸಿ, ಮೊಣಕಾಲಿನ ಹಿಂದೆ ಇದ್ದಿಲಿನ ಗೆರೆ ಹಾಕಿ, ಆ ಎತ್ತರಕ್ಕೆ ಕಾಲು ಕತ್ತರಿಸಿದೆ. ನಾಲ್ಕನೆಯ ಕಾಲಿನ ತೂತು ಮಾತ್ರ ಸ್ವಲ್ಪ ದೊಡ್ಡದಾಯಿತು. ಒತ್ತಿದರೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಉಳಿದದ್ದೆಲ್ಲ ನನಗೇ ನಂಬಿಕೆ ಬಾರದಷ್ಟು ಚೆನ್ನಾಗಿ ಬಂತು.

ಮುಗಿದ ದಿನ ಓಣಿಯ ಹೆಂಗಸರು ನೋಡಲು ಬಂದರು. ಒಬ್ಬಾಕೆ ಕೂತು ನೋಡಿದಳು, ಇನ್ನೊಬ್ಬಾಕೆ ‘ಬಡಿಗ್ಯಾರ ಮನ್ಯಾಗಿಂದ ತಂದಂಗ ಐತೆವ್ವಾ’ ಎಂದಳು. ಆ ಹೊತ್ತಿಗೇ ಅವನು ಒಳಗೆ ಬಂದ. ಯಾರೂ ಕರೆದಿರಲಿಲ್ಲ. ಬೆರಳು ಎಳೆದ. ಒಂದು ಗೆರೆ, ಎರಡು ಗೆರೆ, ಮೂರು. ಎಲ್ಲೂ ತಡೆಯಲಿಲ್ಲ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಕೂತು ಕಾಲಿನ ಕೆಳತುದಿ, ಮೇಲ್ತುದಿ ಸವರಿ, ಎದ್ದು ಅವ್ವನ ಕಡೆ ತಿರುಗಿದ.

‘ಯವ್ವಾ, ಇದರ ಮ್ಯಾಲ ಮಲಗಬ್ಯಾಡ್ರಿ. ನಾಕೂ ಕಾಲು ಬುಡ ಮ್ಯಾಲ ಆಗ್ಯಾವು.’

ನಮ್ಮ ಕಡೆ ಮರ ಭೂಮಿಯಲ್ಲಿ ಹೇಗೆ ನಿಂತಿತ್ತೋ ಹಾಗೆಯೇ ಮನೆಯಲ್ಲೂ ನಿಲ್ಲಬೇಕು. ಕಂಬವಾಗಲಿ, ಬಾಗಿಲ ತೋಳಾಗಲಿ, ಮಂಚದ ಕಾಲಾಗಲಿ, ಬೇರಿನ ಕಡೆ ಕೆಳಗೆ, ತುದಿಯ ಕಡೆ ಮೇಲೆ. ತಲೆಕೆಳಗಾದರೆ ಮನೆಗೆ ಕೇಡು. ಕತ್ತರಿಸಿ ನಯಮಾಡಿದ ಮೇಲೆ ಬುಡ ಯಾವುದು ಎಂದು ಗುರುತಿಸುವುದು ಬಡಿಗನ ಕೆಲಸ. ನಾನು ಗುರುತು ಹಾಕಿಕೊಂಡಿರಲಿಲ್ಲ. ಆ ವಿಚಾರವೇ ತಲೆಗೆ ಬಂದಿರಲಿಲ್ಲ, ತಪ್ಪು ನನ್ನದೇ. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಮಂಚದ ಮೇಲೆ ಕೂತಿದ್ದಾಕೆ ಸೀರೆ ಝಾಡಿಸಿಕೊಂಡಳು.

ನಾನು ಮಂಚ ಬಿಚ್ಚಿದೆ. ಸಂಗೊಳ್ಳಿಯ ರೈತರು ಉಪಾಯ ಹೇಳಿದರು, ‘ನೀರಾಗ ಬಿಟ್ಟು ನೋಡ್ರಿ, ಬುಡದ ಕಡಿ ಭಾರ ಇರತೈತಿ, ಅದು ಇಳೀತೈತಿ.’ ಅವ್ವನ ಎದುರೇ ಹಿತ್ತಲಲ್ಲಿ ನೀರು ತುಂಬಿಡುವ ಕಲ್ಲಿನ ದೋಣಿಯಲ್ಲಿ ನಾಲ್ಕೂ ಕಾಲು ತೇಲಿಬಿಟ್ಟೆ. ನಾಲ್ಕರದೂ ಕೆಳತುದಿಯೇ ಇಳಿಯಿತು. ಮೇಲ್ತುದಿಗೆ ತೂತು ಕೊರೆದದ್ದರಿಂದಲೂ ಅದು ಹಗುರಾಗಿರಬಹುದು ಎಂಬ ಅನುಮಾನ ನನಗಿತ್ತು, ಹೇಳಲಿಲ್ಲ. ಅವ್ವ ನೋಡಿ ಒಳಗೆ ಹೋಗಿ ಮತ್ತೆ ಚಾಪೆಯ ಮೇಲೆಯೇ ಕೂತಳು.

ಅವನ ಮನೆಗೆ ಹೋಗಿ ಕೇಳಿದೆ. ‘ನೀರಾಗ ಬಿಟ್ಟೇನ್ರಿ, ಬುಡ ಕೆಳಗ ಐತಿ. ಬಂದು ಒಂದು ಮಾತು ನಮ್ಮವ್ವಗ ಹೇಳ್ರಿ. ನಿಮ್ಮ ಮಾತು ಕೇಳತಾಳು.’

‘ನಾ ಹೇಳೂದು ಹೇಳೇನಿ.’

‘ನೆಲದ ಮ್ಯಾಲ ಮಲಗಿ ನರಳಾಕ ಹತ್ಯಾಳ್ರಿ.’

‘ಹಂಗಾರ ನೀವ ಹೇಳ್ರಿ. ನೀವೂ ಬಡಿಗ್ಯಾರ ಅಲ್ಲೇನು.’

ಮನೆಗೆ ಬಂದು ಅವ್ವನ ಮೇಲೆ ಕೂಗಾಡಿ ಅತ್ತುಬಿಟ್ಟೆ. ಅವಳು ಚಾಪೆಯ ಮೇಲೆ ಕೂತೇ ಹೇಳಿದಳು, ‘ನನಗ ಸಾಯೂದರ ಅಂಜಿಕಿ ಇಲ್ಲ, ಮಗಳ. ಅದರ ಮ್ಯಾಲ ನಾ ಸತ್ರ ಮಂದಿ ನಿನಗ ಅಂತಾರ, ಮಗಳು ಮಾಡಿದ ಮಂಚ ತಾಯೀನ ತಿಂತು ಅಂತ. ನಿನಗ ಆ ಮಾತು ಬರಬಾರದು. ಅದಕ್ಕ ಒಲ್ಲೆ.’

ಎರಡು ವರ್ಷ ಅವಳು ಗೋಡೆ ಹಿಡಿದು ಎದ್ದಳು. ಮತ್ತೆ ಕೂಡಿಸಿದ ಮಂಚದ ಮೇಲೆ ಹಾಸಿಗೆ ಸುರುಳಿ, ಜೋಳದ ಚೀಲ ಇಟ್ಟಿದ್ದೆವು. ಎರಡನೆಯ ಚಳಿಗಾಲ ಅವಳು ನೆಲದ ಮೇಲೆಯೇ ತೀರಿಕೊಂಡಳು, ಮಂಚದಿಂದ ಮೂರು ಮೊಳ ದೂರದಲ್ಲಿ. ಮಣ್ಣಿಗೆ ಅವನೂ ಬಂದಿದ್ದ. ನಾನು ಅವನ ಕಡೆ ನೋಡಲಿಲ್ಲ. ಅಂದಿನಿಂದ ಗೋಡೆಯ ಆಚೆ ಈಚೆ ಮಾತು ನಿಂತಿತು.

ತುರ್ತು ಪರಿಸ್ಥಿತಿ ಮುಗಿದ ವರ್ಷ ಅವನ ಸೊಸೆ ನಮ್ಮ ಬಾಗಿಲಿಗೆ ಬಂದಳು. ಅವಳ ಗಂಡ ಕಬ್ಬಿನ ಕಾರ್ಖಾನೆಯ ಕೆಲಸಕ್ಕೆ ಸೇರಿ ಉಳಿ ಮುಟ್ಟುವುದನ್ನು ಬಿಟ್ಟಿದ್ದ. ‘ಅಕ್ಕೋರ, ಮಾವಾರಿಗೆ ಮೊಣಕಾಲು ಮಡಚಾಕ ಬರವಲ್ದು. ಕೂತ್ರ ಏಳಾಕ ಆಗಂಗಿಲ್ಲ. ಆ ಎತ್ತರದ ಮಂಚ ಊರಾಗ ಅದೊಂದ ಐತಿ ಅಂದ್ರು. ಕೊಡತೀರೇನ್ರಿ?’ ಊರಿಗೆಲ್ಲ ಮಂಚ ಮಾಡಿಕೊಟ್ಟವನ ಮನೆಯಲ್ಲಿ ಒಂದೂ ಮಂಚ ಇರಲಿಲ್ಲ.

ನಾನು ಹೋದೆ. ಮನಸ್ಸಿಗೆ ಸಂತೋಷವಾಗಿತ್ತು, ಮುಚ್ಚಿಡುವುದಿಲ್ಲ. ಅವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿಕೊಂಡಿದ್ದ.

‘ಅದರ ಬುಡ ಮ್ಯಾಲ ಐತಲ್ರಿ ಬಡಿಗ್ಯಾರ, ಮಲಗತೀರೇನು?’

ಚಾಚಿದ ಕಾಲನ್ನು ಕೈಯಿಂದ ಎತ್ತಿ ಸರಿಸಿಕೊಂಡ. ‘ಬುಡ ಕೆಳಗ ಐತಿ’ ಎಂದ.

‘ಯಾವಾಗಿಂದ?’

‘ಮೊದಲಿಂದ.’

‘ಮತ್ತ ಅವತ್ತು?’

‘ಅವತ್ತು ಮಂಚ ಚೊಲೋ ಆಗಿತ್ತು.’ ಬೋಳು ಬೆರಳನ್ನು ನೋಡಿಕೊಂಡ. ‘ನಾ ಆಗಂಗಿಲ್ಲ ಅಂದದ್ದು ನೀವು ಮಾಡಿ ಇಟ್ಟಿದ್ರಿ. ಹೆಣ್ಮಕ್ಕಳು ಹೊಗಳಾಕ ಹತ್ತಿದ್ರು. ಬೆರಳು ಎಲ್ಲೂ ತಡೀಲಿಲ್ಲ.’

‘ನಮ್ಮವ್ವ ಎರಡು ವರ್ಷ ನೆಲದ ಮ್ಯಾಲ ಮಲಗಿ ಸತ್ಲು.’

‘ಗೊತ್ತೈತಿ’ ಎಂದ. ತಪ್ಪಾಯಿತು ಎನ್ನಲಿಲ್ಲ. ನಾನು ಕಾದೆ, ಅವನು ಎನ್ನಲೇ ಇಲ್ಲ.

ಮಂಚವನ್ನು ಒಡೆದು ಒಲೆಗೆ ಹಾಕುತ್ತೇನೆ ಎಂದುಕೊಂಡು ಮನೆಗೆ ಬಂದೆ. ಬೆಳಿಗ್ಗೆ ಇಬ್ಬರು ಆಳುಗಳಿಂದ ಹೊರಿಸಿ ಅವನ ಪಡಸಾಲೆಗೆ ಕಳಿಸಿದೆ. ಕರುಣೆಯಿಂದಲ್ಲ. ಅವನ ಪಡಸಾಲೆ ಬೀದಿಗೆ ಕಾಣುತ್ತದೆ. ಅವನು ಅದರ ಮೇಲೆ ಮಲಗಿದ್ದನ್ನು, ಅದರಿಂದ ಎದ್ದದ್ದನ್ನು ಓಣಿಯ ಮಂದಿಯೆಲ್ಲ ನೋಡಲಿ ಎಂದು. ನೋಡಿದರು. ಅಂದು ಸೀರೆ ಝಾಡಿಸಿಕೊಂಡಾಕೆ ಬಂದು, ‘ಬುಡ ಕೆಳಗ ಇತ್ತಂತಲ್ರಿ’ ಎಂದಳು. ‘ಹೌದು’ ಎಂದೆ. ಅದನ್ನು ಕೇಳಬೇಕಾದವಳು ಮಣ್ಣಿನಲ್ಲಿದ್ದಳು.

ಒಂದು ವರ್ಷ ಅವನು ಅದರ ಮೇಲೆ ಕೂತು ಎದ್ದ. ನಾನು ಮಾತಾಡಿಸಲಿಲ್ಲ, ಅವನು ತೀರಿಕೊಂಡಾಗ ನೋಡಲೂ ಹೋಗಲಿಲ್ಲ. ಸೂತಕ ಕಳೆದ ಮೇಲೆ ಸೊಸೆ ಮಂಚ ತೊಳೆಸಿ ವಾಪಸು ಕಳಿಸಿದಳು. ಒರೆಸುವಾಗ ನಾಲ್ಕನೆಯ ಕಾಲನ್ನು ಒತ್ತಿದೆ. ಅಲುಗಲಿಲ್ಲ. ತೂತಿನ ಸಂದಿನಲ್ಲಿ ಜಾಲಿಯದೇ ತೆಳುವಾದ ಒಂದು ಬೆಣೆ, ಮೇಲೆ ಬೆರಳು ಎಳೆದರೆ ಎಲ್ಲೂ ತಡೆಯದು. ‘ಮಾವಾರು ಮಲಕೊಂಡ ಬಾಜೂಕ ವಾಲಿ ಎರಡು ದಿನ ಕೆತ್ತಿದ್ರು’ ಎಂದಳು ಸೊಸೆ. ‘ಯಾಕಂತ ಕೇಳಿದ್ರ ಬೈದ್ರು.’

ಈಗ ನಾನು ಮರ ಕತ್ತರಿಸುವ ಮುಂಚೆ ಬುಡದ ಕಡೆ ಕೆಮ್ಮಣ್ಣಿನ ಬೊಟ್ಟು ಇಡುತ್ತೇನೆ. ಅವನು ನನಗೆ ಕಲಿಸಿದ್ದು ಅದೊಂದೇ. ಅದನ್ನು ಕಲಿಸಲು ಅವ್ವನ ಎರಡು ವರ್ಷ ತೆಗೆದುಕೊಂಡ. ಅವ್ವನ ಮೊಣಕಾಲು ಈಗ ನನಗೂ ಬಂದಿವೆ, ಆ ಮಂಚದ ಮೇಲೆ ನಾನೇ ಮಲಗುತ್ತೇನೆ. ಅವನ ಬೆಣೆಯನ್ನು ಕಿತ್ತೊಗೆಯಬೇಕೆಂದು ಎರಡು ಸಲ ಉಳಿ ಹಿಡಿದು ಕೂತಿದ್ದೇನೆ. ಅದು ಎಷ್ಟು ಬಿಗಿಯಾಗಿ ಕೂತಿದೆಯೆಂದರೆ, ಕೀಳಲು ಹೋದರೆ ನಾನು ಮಾಡಿದ ಕಾಲೇ ಸೀಳುತ್ತದೆ.