ನೆಲಗುಬ್ಬಿಯ ಒಪ್ಪಿಗೆ

ಆ ಕಾಲದಲ್ಲಿ ನನಗೆ ಅಳತೆಪಟ್ಟಿಯ ಹುಚ್ಚು. ಹನೂರಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಪಟ್ಟಣದ ಮ್ಯೂಸಿಯಂ ಒಂದರವರು ನಮ್ಮ ಕಡೆಯ ಹಕ್ಕಿಗಳ ಚರ್ಮ ಸುಲಿದು ಹದಮಾಡಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಕಳಿಸಿ ಎಂದು ಬರೆದಿದ್ದರು. ಕೊಕ್ಕು, ರೆಕ್ಕೆ, ಬಾಲ ಅಳೆದು ಇದು ಯಾವ ಜಾತಿ ಎಂದು ಚೀಟಿಯಲ್ಲಿ ತುಂಬಬೇಕು. ಜೀವವಿದ್ದಾಗ ಆ ಹಕ್ಕಿ ಏನು ಮಾಡುತ್ತಿತ್ತು ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಬೇಕೆಂದು ನನಗೂ ಅನಿಸಿರಲಿಲ್ಲ.

ಅದೇ ಹೊತ್ತಿಗೆ ಕೊಳ್ಳೇಗಾಲದ ನಮ್ಮ ಮನೆಯಲ್ಲಿ ತಂಗಿಯ ಮದುವೆಯ ಮಾತು. ಅಪ್ಪ ತೀರಿಕೊಂಡಿದ್ದರಿಂದ ಹೂಂ ಅನ್ನಬೇಕಾದವನು ನಾನೇ. ಯಳಂದೂರಿನ ಗಂಡು, ನಮ್ಮ ಹಾಗೆಯೇ ರೇಷ್ಮೆ ನೇಯುವ ಮನೆತನ. ಜಾತಕ ಕೂಡಿತ್ತು, ಎತ್ತರ ಕೂಡಿತ್ತು, ಬಣ್ಣವೂ ಕೂಡಿತ್ತು. ಕೊಳ್ಳೇಗಾಲ ಆಗಿನ್ನೂ ಮದರಾಸಿನವರ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಯಳಂದೂರು ಮೈಸೂರು ಸಂಸ್ಥಾನದಲ್ಲಿ, ಅದೊಂದೇ ಬೇರೆ. ತಂಗಿ ಮಾತ್ರ ತುಟಿ ಬಿಚ್ಚಿರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ನಾನೇ ದೊಡ್ಡದಾಗಿ ಹೇಳಿ, ಬರುವ ಸೋಮವಾರ ತಾಂಬೂಲ ಬದಲಾಯಿಸುವುದೆಂದು ಗಂಡಿನ ಕಡೆಯವರಿಗೆ ಮಾತು ಕೊಟ್ಟು ಬಂದೆ.

ಆ ಸೋಮವಾರಕ್ಕೆ ಎರಡು ದಿನ ಮುಂಚೆ, ಹಕ್ಕಿ ಹುಡುಕಿಕೊಂಡು ಹನೂರಿನಾಚೆಯ ಹೂಗ್ಯಂ ಕಡೆ ಹೋಗಿದ್ದೆ. ಚೀಲದಲ್ಲಿ ಹತ್ತಿ ತುಂಬಿದ ಎರಡು ನೆಲಗುಬ್ಬಿ. ಎರಡೂ ಮಣ್ಣಿನ ಬಣ್ಣ, ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಒಂದೇ ಜಾತಿ ಎಂದು ಚೀಟಿ ಬರೆದಾಗಿತ್ತು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸಿಗೆ ತೋರಿಸಿದರೆ ನಕ್ಕುಬಿಟ್ಟಳು. ಸತ್ತದ್ದನ್ನು ನೋಡಿದರೆ ಏನು ತಿಳಿಯುತ್ತದೆ, ಇವು ಎರಡೂ ಬೇರೆ ಬೇರೆ ಹಕ್ಕಿ ಎಂದಳು. ಆಮೇಲೆ ನನ್ನನ್ನು ಬದುವಿನ ಮೇಲೆ ಕೂರಿಸಿ ಬದುಕಿದ್ದವನ್ನು ತೋರಿಸಿದಳು. ಒಂದು ಗಂಡು ನೆಲದಿಂದ ಎದ್ದು, ಹಾಡುತ್ತಲೇ ಮೇಲೇರಿ, ರೆಕ್ಕೆ ಚಾಚಿಕೊಂಡು ಮೆಲ್ಲಗೆ ಇಳಿಯುತ್ತಿತ್ತು. ಇನ್ನೊಂದು ಜಾಲಿಮರದ ತುದಿಯಲ್ಲೇ ಕೂತು ಹಾಡಿ, ಅಲ್ಲಿಂದ ಕೆಳಕ್ಕೆ ತೇಲುತ್ತಿತ್ತು. ಕೆಳಗೊಂದು ಹೆಣ್ಣು ಹುಲ್ಲುಬೀಜ ಕುಕ್ಕುತ್ತಿತ್ತು. ಮರದ ಗಂಡು ಎಷ್ಟು ಹಾಡಿದರೂ ಅದು ಕತ್ತೆತ್ತಲಿಲ್ಲ. ನೋಡು, ಸುಮ್ಮನಿದೆ, ಒಪ್ಪಿದೆ ಎಂದು ನನ್ನ ಅದೇ ಗಾದೆಯನ್ನು ಅಲ್ಲೂ ಬಿಟ್ಟೆ.

"ಸುಮ್ಕೆ ಕುಂತದೆ ಅಂದ್ರೆ ಒಪ್ಕತು ಅಂತಲ್ಲ ಸಾ," ಎಂದಳು. "ಅದು ತನ್ ಪೈಕಿ ಗಂಡಲ್ಲ ಅಂತ ಅದ್ಕೆ ಗೊತ್ತು. ಅದ ನೀವು ಅಳ್ದು ಏಳಕ್ಕಾಯ್ತದಾ?"

ಸ್ವಲ್ಪ ಹೊತ್ತಿಗೆ ನೆಲದ ಗಂಡು ಹಾಡುತ್ತ ಇಳಿಯಿತು. ಹೆಣ್ಣು ತಲೆಯೆತ್ತಿ ನೋಡಿತು, ಅದರ ಹಿಂದೆಯೇ ಓಡಿ ಪೊದೆ ಸೇರಿತು. ತಮ್ಮತಮ್ಮಲ್ಲೇ ಕೂಡಿ ಸಂತಾನ ಬೆಳೆಸುವವು ಒಂದು ಜಾತಿ ಎಂದು ವರ್ಷವರ್ಷವೂ ಪಾಠ ಮಾಡುತ್ತಿದ್ದವನು ನಾನು. ಕೂಡುವುದೋ ಬಿಡುವುದೋ ತೀರ್ಮಾನಿಸುವವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ವಿದ್ಯೆಯೆಲ್ಲ ಪುಸ್ತಕದ ಬದನೆಕಾಯಿ. ಚೀಟಿ ಹರಿದುಹಾಕಿದೆ. ತಂಗಿಯ ಮುಖ ನೆನಪಾಗಿ ವಿಪರೀತ ನಾಚಿಕೆಯಾಯಿತು. ಹನೂರಿಗೆ ನಡೆದು ಬಂದು, ಸಿಕ್ಕ ಬಸ್ಸು ಹತ್ತಿ ಊರಿಗೆ ಹೋದೆ.

ತಂಗಿ ಪಡಸಾಲೆಯಲ್ಲಿ ನೂಲು ಸುತ್ತುತ್ತಿದ್ದಳು. ಈ ಗಂಡು ನಿನಗೆ ಒಪ್ಪಿಗೆಯೇ ಎಂದು ಕೇಳಿದೆ. ಅವಳ ಕೈ ನಿಂತಿತು. ಹೆಣ್ಣು ನೋಡಲು ಬಂದ ದಿನ ಅವರು ಅವಳನ್ನು ಮಗ್ಗದ ಮುಂದೆ ಕೂರಿಸಿ, ಹರಿದ ಎಳೆಗಳನ್ನು ಕೂಡಿಸಲು ಹೇಳಿ ಪರೀಕ್ಷೆ ಮಾಡಿದ್ದರಂತೆ. ಆಗ ನಾನು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ.

"ಎಲ್ಲಾರೂ ನನ್ ಕೈ ನೋಡುದ್ರು ಕಣಣ್ಣ," ಎಂದಳು. "ಅವ್ನೂ ಕೈನೇ ನೋಡ್ದ. ಒಂದ್ ಮಾತು ಆಡ್ನಿಲ್ಲ. ನಂಗೆ ಬ್ಯಾಡ."

ಅಷ್ಟು ಹೇಳಿ ಅತ್ತಳು. ನಾನೂ ಅತ್ತೆ.

ಸೋಮವಾರ ಯಳಂದೂರಿಗೆ ಒಬ್ಬನೇ ಹೋದೆ. ತಾಂಬೂಲದ ತಟ್ಟೆ ಇಟ್ಟುಕೊಂಡು ಕಾದಿದ್ದರು. ವಿಷಯ ಹೇಳಿದಾಗ, ನಮ್ಮ ಹುಡುಗನಲ್ಲಿ ಏನು ಕೊರತೆ ಎಂದು ಗಂಡಿನ ದೊಡ್ಡಪ್ಪ ರೇಗಿದರು. ಕೊರತೆ ಏನೂ ಇಲ್ಲ, ಹುಡುಗಿ ಒಪ್ಪಲಿಲ್ಲ ಎಂದೆ. ಅವರಿಗೆ ಅದೊಂದು ಉತ್ತರವೆಂದೇ ಅನಿಸಲಿಲ್ಲ.

"ಅವಳ್ನ ಯಾರಪ್ಪ ಕೇಳಕ್ಕೋಗಿದ್ದು?" ಎಂದರು.

"ನಾನೇ ಕೇಳ್ದೆ," ಎಂದೆ. "ನಿಮಗೆ ಮಾತು ಕೊಡೋಕ್ ಮುಂಚೆ ಕೇಳ್ಬೇಕಾಗಿತ್ತು. ಕೇಳ್ನಿಲ್ಲ."