ಯಾರೂ ‘ನಂದು’ ಅನ್ನದ ಕಟ್ಟಡ

ನಮ್ಮ ಭಾವನ ಬಗ್ಗೆ ಯಾರಾದರೂ ನಾಲ್ಕು ಮಾತು ಬರೀಬೇಕಿತ್ತು. ನಗರಸಭೆಯವರಂತೂ ಬರೆಯಲ್ಲ. ಹಾಗಾಗಿ ಆ ನಗರಸಭೆಯಲ್ಲೇ ಒಂಬತ್ತು ವರ್ಷದಿಂದ ಟೈಪಿಸ್ಟ್ ಆಗಿರುವ ನಾನೇ ಬರೀತಿದ್ದೀನಿ. ಅವರು ಹೇಳಿದ ಸುಳ್ಳನ್ನೆಲ್ಲ ಒಂದು ಕಾಗುಣಿತ ತಪ್ಪದೆ ಟೈಪ್ ಮಾಡಿದ್ದೀನಿ. ಒಂದಿಷ್ಟು ನಿಜ ಟೈಪ್ ಮಾಡಿದರೆ ನನ್ನ ಬೆರಳೇನೂ ಸವೆದು ಹೋಗಲ್ಲ.

ಭಾವ ಅಂದರೆ ನಮ್ಮಕ್ಕನ ಗಂಡ. ಊರಿಗೆಲ್ಲ ‘ಬೀಗದವರು’. ಹಳೇ ಮಾರುಕಟ್ಟೆಯ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವ ಜಾಗದಲ್ಲಿ, ಇಪ್ಪತ್ತೇಳು ವರ್ಷ ಕೂತಿದ್ದವರು. ಒಂದು ಪಕ್ಕ ಗಡಿಯಾರ ರಿಪೇರಿಯವರು, ಇನ್ನೊಂದು ಪಕ್ಕ ಬ್ಯಾಗಿನ ಜಿಪ್ ಹಾಕಿಕೊಡುವ ಹೆಂಗಸು. ಅವಳನ್ನು ಎಲ್ಲರೂ ಜಿಪ್ಪಮ್ಮ ಅಂತಲೇ ಕರೀತಿದ್ದರು. ಭಾವ ಬೀಗವನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಏನು ಮುರಿದಿದೆ ಅಂತ ಹೇಳುತ್ತಿದ್ದರು. ಮಾತು ಕಮ್ಮಿ. ಕೆಲಸದಲ್ಲಿ ಮಾತ್ರ ಒಂದು ಹಟ ಇತ್ತು, ಅದನ್ನು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ.

ಬೀಗ ಯಾರದೋ ಅವರೇ ಎದುರಿಗೆ ಬರಬೇಕು, ‘ಇದು ನಂದು’ ಅಂತ ಬಾಯಿಬಿಟ್ಟು ಹೇಳಬೇಕು, ಭಾವನ ಉದ್ದನೆಯ ಪುಸ್ತಕದಲ್ಲಿ ಸಹಿ ಹಾಕಬೇಕು. ಆಮೇಲೆ ಕೈ ಇಡೋದು. ಒಂದು ಸಲ ಒಬ್ಬ ಚೆನ್ನಾಗಿ ಕುಡಿದು ಬಂದು ‘ನಮ್ಮನೆ ಬಾಗಿಲು ತೆಗೆದುಕೊಡಿ’ ಅಂತ ಗೋಳಾಡಿದ. ಭಾವ ಅವನ ಜೊತೆ ಹೋದರು, ಒಳಗಿನಿಂದ ಬೀಗ ಹಾಕಿಕೊಂಡಿದ್ದ ಹೆಂಡತಿಗೆ ಕಿಟಕಿಯಿಂದ ಪುಸ್ತಕ ಕೊಟ್ಟರು. ಅವಳು ‘ಬೆಳಗ್ಗೆ ಹಾಕ್ತೀನಿ’ ಅಂದಳು. ಭಾವ ಸರಿ ಅಂತ ವಾಪಸ್ ಬಂದರು. ಅಕ್ಕನ ಟ್ರಂಕಿನ ಕೀ ಕಳೆದಾಗ ಅವಳ ಹತ್ತಿರಾನೂ ಸಹಿ ಹಾಕಿಸಿಕೊಂಡರು. ಮೂರು ದಿನ ಅಕ್ಕ ಗಂಡನ ಜೊತೆ ಮಾತು ಬಿಟ್ಟಿದ್ದಳು. ಪುಣ್ಯಾತ್ಮನಿಗೆ ಅದು ಗೊತ್ತಾಗಿದ್ದು ನಾಲ್ಕನೇ ದಿನ.

ಹೀಗೆ ನಡೀತಿರುವಾಗ ನಮ್ಮ ಅಧ್ಯಕ್ಷರು ಯಾವುದೋ ದೊಡ್ಡ ಊರು ನೋಡಿಕೊಂಡು ಬಂದರು. ಬಂದವರೇ ‘ನಮ್ಮ ಪೇಟೆಯ ನಡುಭಾಗದಲ್ಲಿ ಜೀವ ಇಲ್ಲ, ನಗರಸಭೆಯೇ ಕಟ್ಟಡ ಕಟ್ಟಿ ಜೀವ ತುಂಬಬೇಕು’ ಅಂದರು. ಆ ನಡುಭಾಗದಲ್ಲಿ ಬೆಳಗ್ಗೆ ಹತ್ತಕ್ಕೆ ಹೋದರೆ ಕಾಲಿಡೋಕೆ ಜಾಗ ಇರುತ್ತಿರಲಿಲ್ಲ. ಇನ್ನು ಕಟ್ಟೋ ವಿಷಯ. ಅಲ್ಲಿಯವರೆಗೆ ನಗರಸಭೆ ತಾನಾಗಿ ಕಟ್ಟಿದ್ದು ಒಂದೇ ಒಂದು ಶೌಚಾಲಯ. ಒಳಗೆ ಹೋದವರು ಅದರ ಬಾಗಿಲು ಹಾಕಿಕೊಳ್ಳೋಕೆ ಆಗುತ್ತಿರಲಿಲ್ಲ, ಬಾಗಿಲಿಗೆ ಮಂಡಿ ತಾಗುತ್ತಿತ್ತು. ಇಷ್ಟು ಅನುಭವ ಇಟ್ಟುಕೊಂಡು ಅರವತ್ತು ಮಳಿಗೆಯ ಸಂಕೀರ್ಣಕ್ಕೆ ಕೈ ಹಾಕಿದರು.

ಅದಕ್ಕೊಂದು ಕಂಪನಿ ಮಾಡಿದರು. ಕಂಪನಿಗೆ ಅಧ್ಯಕ್ಷರು ಯಾರು? ನಗರಸಭೆಯ ಅಧ್ಯಕ್ಷರೇ. ನಿರ್ದೇಶಕರು? ನಮ್ಮ ಕಮಿಷನರ್, ನಮ್ಮ ಎಂಜಿನಿಯರ್. ಸೋಮವಾರ ಅಧ್ಯಕ್ಷರು ನಗರಸಭೆಯಿಂದ ಕಂಪನಿಗೆ ಪತ್ರ ಬರೆದರೆ, ಮಂಗಳವಾರ ಕಂಪನಿಯಿಂದ ನಗರಸಭೆಗೆ ಉತ್ತರ ಬರೀತಿದ್ದರು. ಎರಡನ್ನೂ ಟೈಪ್ ಮಾಡುತ್ತಿದ್ದವಳು ನಾನು. ‘ತಮ್ಮ ಅಮೂಲ್ಯ ಸಲಹೆಗೆ ಕೃತಜ್ಞತೆಗಳು’ ಅಂತ ತಮಗೆ ತಾವೇ ಬರೆದುಕೊಂಡು, ಕೆಳಗೆ ಎರಡು ಸಹಿ ಹಾಕಿದ್ದನ್ನು ಈ ಕಣ್ಣಾರೆ ನೋಡಿದ್ದೀನಿ.

ಹಳೇ ಮಾರುಕಟ್ಟೆ ಕೆಡವುವ ಮುಂಚೆ ಎಂಜಿನಿಯರ್ ಎಲ್ಲರ ಮೂಗಿಗೂ ತುಪ್ಪ ಸವರಿದರು. ‘ಒಂದೇ ವರ್ಷ ತಾಳ್ಕೊಳ್ಳಿ, ಹೊಸ ಕಟ್ಟಡದಲ್ಲಿ ಮೊದಲು ನಿಮಗೇ’ ಅಂತ ಹೆಸರು ಬರೆದುಕೊಂಡು, ಪಟ್ಟಿಯ ಕೆಳಗೆ ಸಹಿ ಹಾಕಿ ಹೋದರು. ಭಾವ ಅದನ್ನು ನಂಬಿದರು. ಸಹಿ ಹಾಕಿದ ಮನುಷ್ಯ ಮಾತು ತಪ್ಪಲ್ಲ ಅಂತ ಅವರ ಲೆಕ್ಕ.

ಒಂದು ವರ್ಷ ಎರಡೂವರೆ ಆಯಿತು. ಭಾವ ಮನೆಯ ಮುಂದಿನ ಕೋಣೆಯ ಕಿಟಕಿ ಪಕ್ಕ ಹತ್ಯಾರು ಇಟ್ಟುಕೊಂಡು ಕೂತರು. ನಮ್ಮದು ಓಣಿಯೊಳಗಿನ ಓಣಿ. ಅಲ್ಲಿಗೆ ಯಾರು ಹುಡುಕಿಕೊಂಡು ಬರುತ್ತಾರೆ? ಹಾಸಿಗೆಯಲ್ಲಿ, ನೀರಿನ ಲೋಟದಲ್ಲಿ, ಎಲ್ಲೆಲ್ಲೂ ಹಿತ್ತಾಳೆಯ ಪುಡಿ. ಆಮೇಲೆ ಅದೂ ನಿಂತಿತು. ಒಂದು ದಿನ ಅಕ್ಕ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು.

‘ಇವರು ದಿನಾ ನಮ್ಮನೆ ಬೀಗಾನೇ ಬಿಚ್ತಾರೆ, ಮತ್ತೆ ಜೋಡಿಸ್ತಾರೆ ಕಣೇ. ನಿನ್ನೆ ಐದು ಸಲ. ಕೂರೋಕೆ ಒಂದು ಅಂಗಡಿ ಸಿಗದೆ ಹೋದ್ರೆ ಈ ಮನುಷ್ಯ ಉಳಿಯಲ್ಲ.’

ದಿನಾ ಬೆಳಗ್ಗೆ ನಾನು ಹೋಗಿ ಕೂರುತ್ತಿದ್ದದ್ದು ಆ ಎಂಜಿನಿಯರ್ ಕೋಣೆಯ ಪಕ್ಕದಲ್ಲೇ.

ಕಟ್ಟಡ ಮುಗಿಯಿತು. ಎದುರಿಗೆಲ್ಲ ಗಾಜು. ಮಧ್ಯಾಹ್ನ ಅದರ ಮುಂದೆ ನಡೆದರೆ ಕಣ್ಣು ಕುಕ್ಕುತ್ತಿತ್ತು. ಮಳಿಗೆ ಕೇಳಿಕೊಂಡು ಬಂದವರು ಬಾಡಿಗೆ ಎಷ್ಟು ಅಂತ ಗೊತ್ತಾದ ಮೇಲೆ ನಮ್ಮ ಫೋನೇ ಎತ್ತಲಿಲ್ಲ. ಹಳಬರಿಗೆ ಕೊಡೋಣ ಅಂದರೆ ‘ಚಪ್ಪಲಿ ಹೊಲಿಯೋರು, ಕೀ ಮಾಡೋರು ಬಂದು ಕೂತ್ರೆ ಕಟ್ಟಡದ ಅಂದ ಏನಾಗಬೇಕು’ ಅಂತ ಅಧ್ಯಕ್ಷರು ಮೂಗು ಮುರಿದರು. ಆದರೆ ಅನುದಾನ ಕೊಟ್ಟ ಮೇಲಿನವರಿಗೆ ವರದಿ ಕಳಿಸಬೇಕಲ್ಲ. ಎಂಜಿನಿಯರ್ ಆ ಹಳೇ ಪಟ್ಟಿ ಹುಡುಕಿ ತೆಗೆದು, ಅದರಲ್ಲಿದ್ದ ನಲವತ್ತೊಂದು ಜನಕ್ಕೂ ಕಾಗದದಲ್ಲೇ ಮಳಿಗೆ ಹಂಚಿದರು. ‘ಹದಿನಾಲ್ಕನೇ ಮಳಿಗೆ, ಬೀಗ ರಿಪೇರಿ’ ಅಂತ ಭಾವನ ಹೆಸರು ಟೈಪ್ ಮಾಡುವಾಗ ನನಗೆ ಮೈಯೆಲ್ಲ ಉರಿಯಿತು.

‘ಸಾರ್, ಇವರು ನಮ್ಮ ಭಾವ. ಮನೇಲಿ ಕಿಟಕಿ ಹತ್ರ ಕೂತಿದ್ದಾರೆ.’

‘ಕಾಗದದಲ್ಲಿ ಕೊಟ್ಟಿದ್ದೀವಲ್ಲಮ್ಮ,’ ಅಂದರು ಎಂಜಿನಿಯರ್. ‘ಸದ್ಯಕ್ಕೆ ಅಷ್ಟಕ್ಕೆ ಸಂತೋಷಪಡಲಿ.’

ವರದಿ ಓದಿ ಮೇಲಿನವರಿಗೆ ಎಷ್ಟು ಖುಷಿಯಾಯಿತೆಂದರೆ, ಗುರುವಾರ ಒಬ್ಬ ಹಿರಿಯ ಅಧಿಕಾರಿ ಖುದ್ದಾಗಿ ನೋಡೋಕೆ ಬರುತ್ತಾರೆ ಅಂತ ಪತ್ರ ಬಂತು. ಕಚೇರಿಯಲ್ಲಿ ಒಬ್ಬರ ಮುಖದಲ್ಲೂ ಕಳೆಯಿಲ್ಲ. ಒಂದು ದಿನದ ಮಟ್ಟಿಗೆ ಯಾರನ್ನಾದರೂ ಮಳಿಗೆಗಳಲ್ಲಿ ಕೂರಿಸೋಣ ಅಂತ ಹೊರಟರು. ಹೋಗಿ ನೋಡಿದರೆ ಅರವತ್ತೂ ಶಟರಿಗೆ ಬೀಗ. ಗುತ್ತಿಗೆದಾರ ಬಿಲ್ಲಿನ ಜಗಳದಲ್ಲಿ ಕೀಗೊಂಚಲು ಎತ್ತಿಕೊಂಡು ಹೋಗಿದ್ದ, ಫೋನ್ ಆಫ್. ಯಂತ್ರ ಹಚ್ಚಿ ಕೊಯ್ದರೆ ಶಟರಿನ ಬಣ್ಣ ಸುಟ್ಟು ಬಂದವರ ಕಣ್ಣಿಗೆ ಬೀಳುತ್ತೆ. ಕೊನೆಗೆ ಎಂಜಿನಿಯರಿಗೆ ನನ್ನ ನೆನಪಾಯಿತು. ‘ನಿಮ್ಮ ಭಾವ ಬೀಗದವರು ಅಲ್ವಾ?’ ಅಂತ ಬಲು ಪ್ರೀತಿಯಿಂದ ಕೇಳಿದರು.

ಬುಧವಾರ ಬೆಳಗ್ಗೆ ಭಾವ ಚೀಲ ಹಿಡಿದುಕೊಂಡು ಬಂದರು. ಒಗೆದ ಅಂಗಿ, ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಗೆಲುವು. ಅರವತ್ತು ಬೀಗ ಅಂದರೆ ಅವರಿಗೆ ಹಬ್ಬ. ಸಾಲಾಗಿ ಎಲ್ಲದರ ಮೇಲೂ ಒಮ್ಮೆ ಕೈಯಾಡಿಸಿಕೊಂಡು ಬಂದು, ಪುಸ್ತಕ ಬಿಚ್ಚಿ ಅಧ್ಯಕ್ಷರ ಮುಂದೆ ಹಿಡಿದರು.

‘ಯಾರದು ಅಂತ ಬರೀಲಿ ಸ್ವಾಮಿ?’

‘ಇದೇನ್ರೀ ಕೇಳ್ತೀರಾ, ಜನರದ್ದು,’ ಅಂದರು ಅಧ್ಯಕ್ಷರು, ಭಾಷಣದ ಗಂಟಲಲ್ಲಿ.

‘ಸರಿ. ಜನರ ಪರವಾಗಿ ತಾವು ಒಂದು ಸಹಿ ಹಾಕಿ.’

ಪೆನ್ನು ತೆಗೆದ ಅಧ್ಯಕ್ಷರ ಕಿವಿಯಲ್ಲಿ ಕಮಿಷನರ್ ಏನೋ ಪಿಸುಗುಟ್ಟಿದರು. ಪೆನ್ನು ಜೇಬಿಗೆ ವಾಪಸ್ ಹೋಯಿತು. ‘ಇದು ಕಂಪನಿಯದ್ದು. ನಾನಿವತ್ತು ನಗರಸಭೆ ಕಡೆಯಿಂದ ಬಂದಿದ್ದೀನಿ’ ಅಂದರು. ಭಾವ ಪುಸ್ತಕವನ್ನು ಕಮಿಷನರ್ ಕಡೆ ತಿರುಗಿಸಿದರು. ‘ಕಂಪನಿಗೆ ನಾನು ಹೆಸರಿಗೆ ಮಾತ್ರ, ಜಾಗ ನಗರಸಭೆಯದ್ದು’ ಅಂದರು ಅವರು. ಎಂಜಿನಿಯರ್ ‘ನಂದು ಬರೀ ತಾಂತ್ರಿಕ ವಿಷಯ’ ಅಂತ ಎರಡು ಹೆಜ್ಜೆ ಹಿಂದೆ ಸರಿದರು. ಇಷ್ಟು ವರ್ಷ ಬೋರ್ಡಿನ ಮೇಲೆ, ಕರಪತ್ರದ ಮೇಲೆ, ಕ್ಯಾಲೆಂಡರ್ ಮೇಲೂ ತಮ್ಮ ಮುಖದ ಪಕ್ಕ ಈ ಕಟ್ಟಡ ಹಾಕಿಸಿಕೊಂಡಿದ್ದ ಮೂರೂ ಜನ ಅದನ್ನು ಬೀದಿಯಲ್ಲಿ ಬಿದ್ದಿದ್ದ ಮಗುವಿನ ಹಾಗೆ ನೋಡಿದರು. ಯಾಕೆ ಹೆದರಿದರು ಅಂತ ಆಗ ನನಗೂ ತಿಳಿಯಲಿಲ್ಲ.

‘ರೀ, ಒಂದು ಬೀಗ ತೆಗೆಯೋಕೆ ಇಷ್ಟು ರಗಳೆನಾ?’ ಅಂತ ಅಧ್ಯಕ್ಷರು ರೇಗಿದರು.

‘ಯಾರದು ಅಂತ ಗೊತ್ತಿಲ್ಲದ ಬೀಗ ತೆಗೆಯೋರಿಗೆ ಬೇರೆ ಹೆಸರಿದೆ ಸ್ವಾಮಿ,’ ಅಂದರು ಭಾವ.

ಮಧ್ಯಾಹ್ನವಾದರೂ ಸಹಿ ಬೀಳಲಿಲ್ಲ. ಭಾವ ಮೆಟ್ಟಿಲ ಮೇಲೆ ಕೂತು, ಎಂಜಿನಿಯರ್ ಕೈಯಲ್ಲಿದ್ದ ಪಟ್ಟಿ ಕೇಳಿ ಇಸಕೊಂಡರು. ಬೆರಳಿಟ್ಟು ಓದುತ್ತಾ ಹೋದವರು ಒಂದು ಕಡೆ ನಿಂತರು.

‘ಹದಿನಾಲ್ಕಕ್ಕೆ ಇದು ಯಾರ ಹೆಸರು?’

ಎಂಜಿನಿಯರ್ ಪಟ್ಟಿ ವಾಪಸ್ ಕೊಡಿ ಅಂತ ಕೈ ಚಾಚಿದರು. ‘ನಿಮ್ದೇ.’

‘ಮೇಲಿನವರಿಗೂ ಹೀಗೇ ಕಳಿಸಿದ್ದೀರಾ?’

‘ಕಳಿಸಿದ್ದೀವಿ.’

‘ಹಾಗಾದ್ರೆ ಇದೊಂದಕ್ಕೆ ಸಹಿ ಹಾಕೋನು ಇದ್ದಾನೆ.’ ಪುಸ್ತಕದಲ್ಲಿ ‘ಇದು ನಂದು’ ಅಂತ ಬರೆದು ತಾವೇ ಸಹಿ ಹಾಕಿದರು. ಹದಿನಾಲ್ಕರ ಮುಂದೆ ಕುಕ್ಕರಗಾಲಲ್ಲಿ ಕೂತು, ಬೀಗಕ್ಕೆ ಕಿವಿಯಿಟ್ಟು, ನೀವು ಐವತ್ತು ಎಣಿಸುವಷ್ಟರಲ್ಲಿ ತೆಗೆದರು. ಶಟರ್ ಎತ್ತಿ ಒಳಗೆ ಹೋಗಿ ಹತ್ಯಾರು ಜೋಡಿಸಿಕೊಂಡು ಕೂತರು. ‘ಮಿಕ್ಕಿದ್ದರ ಮಾಲೀಕರು ಸಿಕ್ಕರೆ ಹೇಳಿ ಕಳಿಸಿ, ನಾನು ಇಲ್ಲೇ ಇರ್ತೀನಿ’ ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಕಂಬದ ಹಿಂದೆ ಹೋಗಿ ಎರಡನ್ನೂ ಮುಗಿಸಿಕೊಂಡು ಬಂದೆ.

ಅವರನ್ನು ಎಬ್ಬಿಸೋಕೆ ಆಗಲಿಲ್ಲ. ನಾಳೆ ಬರುವವರಿಗೆ ತೋರಿಸೋಕೆ ಇದ್ದದ್ದೇ ಅದೊಂದು ಅಂಗಡಿ. ಗುರುವಾರ ಬಂದ ಹಿರಿಯ ಅಧಿಕಾರಿ ಸುತ್ತ ನೋಡಿ, ‘ಮಿಕ್ಕ ನಲವತ್ತು ಅಂಗಡಿ?’ ಅಂದರು. ‘ವಾರದ ರಜೆ ಸಾರ್’ ಅಂದರು ಎಂಜಿನಿಯರ್. ಅಧಿಕಾರಿ ದಡ್ಡರಲ್ಲ. ‘ಇವರ ಹಂಚಿಕೆ ಪತ್ರನಾದರೂ ತೋರಿಸಿ’ ಅಂದರು. ಕಚೇರಿಗೆ ಓಡಿ ಬಂದು ಆ ಪತ್ರವನ್ನು ನಾನು ಹತ್ತು ನಿಮಿಷದಲ್ಲಿ ಟೈಪ್ ಮಾಡಿದೆ. ಅಧ್ಯಕ್ಷರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಸಹಿ ಹಾಕಿದರು. ಇಂಕು ಒರೆಸಿಕೊಂಡೀತು ಅಂತ ಊದುತ್ತಾ ಊದುತ್ತಾ ಹಿಡಿದುಕೊಂಡು ಹೋದೆ.

ಹೀಗೆ ಭಾವನಿಗೆ ಅಂಗಡಿಯೇನೋ ಸಿಕ್ಕಿತು. ಆದರೆ ಖಾಲಿ ಕಟ್ಟಡದೊಳಗೆ ಒಬ್ಬರೇ. ಗಿರಾಕಿ ಹೊರಗಿನಿಂದಲೇ ಇಣುಕಿ ಹೋಗೋರು. ಗಡಿಯಾರದವರು, ಜಿಪ್ಪಮ್ಮ ದಿನಾ ಬಂದು ಹದಿನೈದು, ಹದಿನಾರರ ಶಟರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಹೋಗುತ್ತಿದ್ದರು. ‘ನಮಗೂ ಒಂದು ತೆಗೆದುಕೊಡಿ ಮಾರಾಯ್ರೇ’ ಅಂತ ಗಡಿಯಾರದವರು ಎಷ್ಟೋ ಸಲ ಕೇಳಿದರು. ಭಾವ ತಲೆ ತಗ್ಗಿಸಿ ಅರ ಉಜ್ಜುತ್ತಾ ‘ನಂದಲ್ಲವಲ್ಲ’ ಅನ್ನೋರು. ನನಗೆ ಅವರ ಮೇಲೂ ಕೋಪ ಬರುತ್ತಿತ್ತು.

ಮೂರು ತಿಂಗಳಾದ ಮೇಲೆ ನಗರ ಯೋಜನಾ ಶಾಖೆಗೆ ಹೊಸ ಗುಮಾಸ್ತೆ ಬಂದಳು. ಕೆಲಸ ಮಾಡಬೇಕು ಅನ್ನೋ ರೋಗ ಇನ್ನೂ ವಾಸಿಯಾಗದ ಹೆಣ್ಣು. ಕಡತ ತಿರುವುತ್ತಿದ್ದವಳಿಗೆ ಆ ಗಾಜಿನ ಕಟ್ಟಡದ ನಕ್ಷೆಗೆ ಅನುಮತಿಯೇ ಕಾಣಲಿಲ್ಲ. ನಗರಸಭೆ ಕಟ್ಟಡ ಕಟ್ಟಿತ್ತು, ಆದರೆ ನಗರಸಭೆಯ ಅನುಮತಿ ಕೇಳೋದು ಮರೆತಿತ್ತು. ಕಂಪನಿಯ ಅಧ್ಯಕ್ಷರು ನಗರಸಭೆ ಕೇಳುತ್ತೆ ಅಂತ, ನಗರಸಭೆಯ ಅಧ್ಯಕ್ಷರು ಕಂಪನಿ ಕೇಳುತ್ತೆ ಅಂತ ಸುಮ್ಮನಿದ್ದರು. ಅವರಿಬ್ಬರೂ ಒಂದೇ ಕುರ್ಚಿಯಲ್ಲಿ ಕೂರುತ್ತಿದ್ದರು. ಅವತ್ತು ಪೆನ್ನು ಜೇಬಿಗೆ ಹೋದದ್ದು ಯಾಕೆ ಅಂತ ನನಗೆ ಆಗ ಹೊಳೆಯಿತು.

ಪಾಪದ ಹೆಣ್ಣು, ಇದೆಲ್ಲ ಗೊತ್ತಿಲ್ಲದೆ ನೋಟೀಸು ಕಳಿಸಿಬಿಟ್ಟಳು. ‘ಕಟ್ಟಡದ ಮಾಲೀಕರಿಗೆ. ಅನುಮತಿಯಿಲ್ಲದೆ ಕಟ್ಟಿದ್ದಕ್ಕೆ ತಮ್ಮ ಮೇಲೆ ಯಾಕೆ ಮೊಕದ್ದಮೆ ಹೂಡಬಾರದು, ಏಳು ದಿನದಲ್ಲಿ ತಿಳಿಸಿ.’ ಜವಾನ ಹೋಗಿ ನೋಡಿದರೆ ತೆರೆದಿದ್ದದ್ದು ಒಂದೇ ಶಟರ್. ಅಲ್ಲೇ ಕೊಟ್ಟ. ಅವತ್ತು ನಾನು ಅಕ್ಕನ ಜೊತೆ ಅಂಗಡಿಯಲ್ಲೇ ಇದ್ದೆ. ಭಾವ ನನ್ನ ಕೈಯಲ್ಲಿ ಎರಡು ಸಲ ಓದಿಸಿದರು.

‘ಮಾಲೀಕರು ಅಂತ ನಗರಸಭೆಯೇ ಬರೆದಿದೆಯಾ?’

‘ಬರೆದಿದೆ ಭಾವ.’

‘ಮುದ್ರೆ?’

‘ಇದೆ.’

‘ಮುಟ್ಟಬೇಡಿ ಅದನ್ನ,’ ಅಂದಳು ಅಕ್ಕ. ‘ನಾಳೆ ಕೇಸ್ ಹಾಕಿದ್ರೆ?’

‘ಹಾಕಲಿ. ಕಟ್ಟಿದವರು ಯಾರು ಅಂತ ಅಲ್ಲಿ ಅವರೇ ಹೇಳಬೇಕಾಗುತ್ತೆ.’ ಜವಾನನ ಪುಸ್ತಕ ಇಸಕೊಂಡು, ‘ಮಾಲೀಕರು’ ಅಂತ ಬರೆದ ಕಡೆ ಸಹಿ ಹಾಕಿದರು. ಆಮೇಲೆ ತಮ್ಮ ಪುಸ್ತಕ ತೆಗೆದು ಐವತ್ತೊಂಬತ್ತು ಸಾಲು ಬರೆದರು. ಅಷ್ಟಕ್ಕೂ ಒಂದೊಂದಾಗಿ ಸಹಿ ಹಾಕಿದರು. ಎದ್ದವರೇ ನೇರ ಹದಿನೈದರ ಮುಂದೆ ಹೋಗಿ ಕೂತರು. ಗಡಿಯಾರದವರಿಗೆ ಎದ್ದೇಳಿ ಅಂತ ಹೇಳಬೇಕಾಯಿತು, ಅವರು ಅದೇ ಶಟರಿಗೆ ಒರಗಿದ್ದರು.

ತಿಂಗಳೊಳಗೆ ಹಳೇ ನಲವತ್ತೊಂದು ಜನರೂ ಬಂದು ಕೂತರು. ಮಿಕ್ಕಿದ್ದಕ್ಕೆ ಹೊಸಬರು ಬಂದರು. ಜನ ಬಂದರು. ಪತ್ರಿಕೆಯಲ್ಲಿ ಫೋಟೋ ಬಂತು. ಫೋಟೋ ಬಂದ ಮೂರನೇ ದಿನ ಕಾರೂ ಬಂತು. ಅಧ್ಯಕ್ಷರು, ಕಮಿಷನರ್, ಎಂಜಿನಿಯರ್, ಹಿಂದೆ ಹೂವಿನ ಹಾರ ಹಿಡಿದವರು. ನಾನೂ ಹಿಂದೆಯೇ ಇದ್ದೆ, ಭಾಷಣದ ಪ್ರತಿ ಹಿಡಿದುಕೊಂಡು.

‘ನೋಡ್ರೀ,’ ಅಂದರು ಅಧ್ಯಕ್ಷರು ಭಾವನಿಗೆ, ‘ಇದು ನಮ್ಮ ಕಟ್ಟಡ. ನಗರಸಭೆಯದ್ದು. ನಮ್ಮ ಕನಸು. ಇನ್ನು ಮೇಲೆ ಕೀಗಳೆಲ್ಲ ನಮ್ಮ ಕೈಗೆ ಬರಬೇಕು.’

‘ತಮ್ದೇನಾ?’ ಅಂದರು ಭಾವ. ಮುಖ ಅರಳಿತ್ತು, ಸುಳ್ಳಲ್ಲ. ‘ಇಷ್ಟು ದಿನ ಹುಡುಕಿದೆ ಸ್ವಾಮಿ. ಬನ್ನಿ, ಇಲ್ಲಿ ಸಹಿ ಹಾಕಿ, ಈಗಲೇ ಕೊಟ್ಟುಬಿಡ್ತೀನಿ. ಮತ್ತೆ ತಮ್ಮ ಹೆಸರಿಗೆ ಬಂದ ಒಂದು ಕಾಗದ ನನ್ನ ಹತ್ರ ಉಳಿದುಬಿಟ್ಟಿದೆ, ಅದನ್ನೂ ತಗೊಳ್ಳಿ.’

ಅಧ್ಯಕ್ಷರು ನೋಟೀಸು ಓದಿದರು. ಕಮಿಷನರ್ ಭುಜದ ಮೇಲಿಂದ ಓದಿದರು. ಎಂಜಿನಿಯರಿಗೆ ಓದುವ ಅಗತ್ಯ ಇರಲಿಲ್ಲ, ಅವರಾಗಲೇ ಕಾರಿನ ಹತ್ತಿರ ಇದ್ದರು. ಭಾವ ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೇ ನಿಂತಿದ್ದರು.

ಅಧ್ಯಕ್ಷರು ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಭಾವನ ಅಂಗಿ ಜೇಬಿಗೆ ತಾವೇ ಇಟ್ಟು, ಬೆನ್ನು ತಟ್ಟಿದರು.

‘ಚೆನ್ನಾಗಿ ಕಟ್ಟಿದ್ದೀರಿ,’ ಅಂದರು. ‘ಹೀಗೇ ನೋಡ್ಕೊಂಡು ಹೋಗಿ.’